ವಾದ್ಯವಿಲ್ಲದ ಬ್ಯಾಂಡಿನ ವೈಭವ

ಒಳ್ಳೆ ಕೆಲಸಗಾರರನ್ನು ಗುರುತಿಸಿ ಬೆಳೆಸುವುದು ಹೇಗೆ ಅಂತ ಎಂಬಿಎ ಕಾಲೇಜುಗಳಲ್ಲಿ ಎರಡು ವರ್ಷ ಪಾಠ ಮಾಡುತ್ತಾರೆ. ಸುಮ್ನೆ ದುಡ್ಡು ದಂಡ. ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಎಂಬ ಕುಸ್ತಿ ಪ್ರದರ್ಶನದ ಕಂಪನಿ ತನ್ನ 'ತ್ರೀಎಂಬಿ' ತಂಡವನ್ನು ನಡೆಸಿಕೊಂಡ ಬಗೆಯನ್ನು ಒಂದು ಮಧ್ಯಾಹ್ನ ಕೂತು ತಿಳಿದುಕೊಂಡರೆ ಸಾಕು.

ತ್ರೀಎಂಬಿ ಅಂದರೆ ತ್ರೀ ಮ್ಯಾನ್ ಬ್ಯಾಂಡ್. ಮೂವರು ಕುಸ್ತಿಪಟುಗಳ ರಾಕ್ ಬ್ಯಾಂಡು. 2012ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಬ್ಯಾಂಡ್ ಅಂದಮೇಲೆ ಗಿಟಾರ್ ಬೇಕಲ್ಲ? ಬೇಡವಂತೆ. ಮೂವರೂ ಕುಣಿಯುತ್ತಾ ಬಂದು ಗಾಳಿಯಲ್ಲೇ ಕೈಯಾಡಿಸಿ ಗಿಟಾರ್ ಬಾರಿಸುತ್ತಿದ್ದರು. ವಾದ್ಯದ ಖರ್ಚಿಲ್ಲ, ಶ್ರುತಿ ಮಾಡುವ ತಾಪತ್ರಯವಿಲ್ಲ. ಆಮೇಲೆ ಒದೆ ತಿಂದು ಒಳಗೆ ಹೋಗುತ್ತಿದ್ದರು. ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನುವುದನ್ನು ಆಫೀಸಿನಲ್ಲಿ ಮೊದಲೇ ಬರೆದಿಡುತ್ತಾರೆ. ಹಾಗಾಗಿ ಇವರು ಸೋತರು ಅನ್ನುವುದಕ್ಕಿಂತ, ಇವರಿಗೆ ಸೋಲುವ ಡ್ಯೂಟಿ ಹಾಕಿದ್ದರು ಅನ್ನುವುದೇ ಸರಿ.

ಮೂವರೂ ಎಲ್ಲಿಯವರು ನೋಡಿ. ಹೀತ್ ಸ್ಲೇಟರ್ ಅಮೆರಿಕದ ವೆಸ್ಟ್ ವರ್ಜೀನಿಯಾದ ಕೆಂಚು ಕೂದಲಿನವ. ಅದಕ್ಕೂ ಮೊದಲು ಅವನೊಬ್ಬನೇ 'ಒನ್ ಮ್ಯಾನ್ ಬ್ಯಾಂಡ್' ಆಗಿದ್ದ. 2012ರ ಬೇಸಿಗೆಯಲ್ಲಿ ಅವನಿಗೆ ಕೊಟ್ಟ ಕೆಲಸ ವಾರಕ್ಕೊಬ್ಬ ನಿವೃತ್ತ ಕುಸ್ತಿಪಟುವಿನ ಕೈಯಲ್ಲಿ ಸೋಲುವುದು. ಗಾಯಕಿ ಸಿಂಡಿ ಲಾಪರ್ ಬಂದು ಚಿನ್ನದ ರೆಕಾರ್ಡನ್ನು ಅವನ ತಲೆಗೆ ಕುಕ್ಕಿದರು. ಅವನ ಇಡೀ ಸಂಗೀತ ಜೀವನದಲ್ಲಿ ಚಿನ್ನದ ರೆಕಾರ್ಡಿನ ಸಹವಾಸ ಸಿಕ್ಕಿದ್ದು ಅದೊಂದೇ ಸಲ ಇರಬೇಕು.

ಎರಡನೆಯವನು ಸ್ಕಾಟ್ಲೆಂಡಿನ ಡ್ರೂ ಮ್ಯಾಕಿಂಟೈರ್. 2009ರಲ್ಲಿ ಕಂಪನಿಯ ಯಜಮಾನ ವಿನ್ಸ್ ಮ್ಯಾಕ್‌ಮಹನ್ ಖುದ್ದಾಗಿ ಅಖಾಡಕ್ಕೆ ಬಂದು, ಇವನೇ ಮುಂದಿನ ವಿಶ್ವ ಚಾಂಪಿಯನ್ ಅಂತ ಸಾರಿದ್ದರು. 'ಆಯ್ಕೆಯಾದವನು' ಅಂತ ಬಿರುದು ಬೇರೆ. ಮೂರು ವರ್ಷದಲ್ಲಿ ಅವನು ಆಯ್ಕೆಯಾಗಿದ್ದು ಗಾಳಿ ಗಿಟಾರಿಗೆ.

ಮೂರನೆಯವನು ಜಿಂದರ್ ಮಹಲ್. ಹುಟ್ಟಿ ಬೆಳೆದಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಪಂಜಾಬಿ ಮನೆತನ. ಅಂಥವನನ್ನು 2011ರಲ್ಲಿ ಪೇಟ ಸುತ್ತಿ ಕರೆತಂದು, ದಿ ಗ್ರೇಟ್ ಖಲಿಯ ಭಾವಮೈದುನ ಅಂತ ಕಥೆ ಕಟ್ಟಿದರು. ಕಥೆ ಓಡಲಿಲ್ಲ. ಪೇಟ ತೆಗೆಸಿ ರಾಕ್ ಸ್ಟಾರ್ ಮಾಡಿದರು. ಕ್ಯಾಲ್ಗರಿಯ ಪಂಜಾಬಿ ಹುಡುಗನಿಗೂ ವೆಸ್ಟ್ ವರ್ಜೀನಿಯಾದ ರಾಕ್ ಸಂಗೀತಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಕೆಲಸವಿಲ್ಲದ ಮೂವರು ಒಂದೇ ಕಂಪನಿಯಲ್ಲಿದ್ದರು, ಅಷ್ಟೇ ಸಂಬಂಧ.

ನ್ಯಾಯವಾಗಿ ಹೇಳಬೇಕೆಂದರೆ, ಸಂಗೀತಗಾರನ ವೇಷ ಈ ಕಂಪನಿಗೆ ಹೊಸದಲ್ಲ. 1987ರಲ್ಲಿ ಹಾಂಕಿ ಟಾಂಕ್ ಮ್ಯಾನ್ ಎಂಬಾತ ಎಲ್ವಿಸ್‌ನ ಕೂದಲು ಬಾಚಿಕೊಂಡು, ಎದುರಾಳಿಗಳ ತಲೆಗೆ ಗಿಟಾರ್ ಒಡೆದು, 454 ದಿನ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಬೆಲ್ಟನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಅಲ್ಟಿಮೇಟ್ ವಾರಿಯರ್ ಅರ್ಧ ನಿಮಿಷದಲ್ಲಿ ಅವನನ್ನು ಚಿತ್ ಮಾಡಿದ. (ತೊಂಬತ್ತರ ದಶಕದಲ್ಲಿ ಇದೇ ಕಂಪನಿಯ ಹಳೆ ಹೆಸರಿನ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡ್ ಆಡಿದವರಿಗೆ ವಾರಿಯರ್ ಯಾರು ಅಂತ ಹೇಳಬೇಕಾಗಿಲ್ಲ, ಅಲ್ವಾ?) 1990ರಲ್ಲಿ ಇದೇ ಹಾಂಕಿ, ಗ್ರೆಗ್ ವ್ಯಾಲೆಂಟೈನ್ ಎಂಬ ಗಟ್ಟಿ ಕುಸ್ತಿಪಟುವಿನ ಹೊಂಗೂದಲಿಗೆ ಕಪ್ಪು ಬಣ್ಣ ಬಳಿಸಿ 'ರಿದಮ್ ಅಂಡ್ ಬ್ಲೂಸ್' ಜೋಡಿ ಕಟ್ಟಿದ. ಅವರ ಕಾಲದಲ್ಲಿ ಗಿಟಾರಾದರೂ ನಿಜವಾದದ್ದಿತ್ತು. ಬಾರಿಸಲು ಬರದಿದ್ದರೂ ಒಡೆಯಲು ಆಗುತ್ತಿತ್ತು. ತ್ರೀಎಂಬಿಗೆ ಆ ಭಾಗ್ಯವೂ ಇಲ್ಲ.

2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಇವರಿಗೊಂದು ದೊಡ್ಡ ಅವಕಾಶ. ಎದುರಿಗೆ ಮೂವರು. ಅದರಲ್ಲೊಬ್ಬ ಬ್ರೂಕ್ಲಿನ್ ಬ್ರಾಲರ್. ಹರಕು ಟೀ ಶರ್ಟ್ ಹಾಕಿಕೊಂಡು ದಶಕಗಟ್ಟಲೆ ಸೋಲುವುದನ್ನೇ ವೃತ್ತಿ ಮಾಡಿಕೊಂಡಿದ್ದ ಹಿರಿಯ. ಕಂಪನಿ ಆ ರಾತ್ರಿ ಅವನಿಗೆ ಗೆಲುವು ಬರೆಯಿತು. ಜಿಂದರ್ ಅವನ ಹಿಡಿತದಲ್ಲಿ ಸಿಕ್ಕಿ, ಕೈ ತಟ್ಟಿ ಸೋಲೊಪ್ಪಿಕೊಂಡ. ಈ ಸೋಲನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

2013ರ ಏಪ್ರಿಲ್‌ನಲ್ಲಿ ಮೂವರೂ ಧೈರ್ಯ ಮಾಡಿ 'ಶೀಲ್ಡ್' ತಂಡಕ್ಕೆ ಸವಾಲು ಹಾಕಿದರು. ಬಂದಿದ್ದು ಬ್ರಾಕ್ ಲೆಸ್ನರ್ ಎಂಬ ದೈತ್ಯ ಕುಸ್ತಿಪಟು. ಅವನನ್ನು ಯಾರೂ ಕರೆದಿರಲಿಲ್ಲ. ಮೂವರನ್ನೂ ಎತ್ತಿ ಎತ್ತಿ ಬಿಸಾಡಿ ಹೋದ.

2014ರ ಹೊತ್ತಿಗೆ ಬ್ಯಾಂಡಿನ ವೈರಿಗಳು ಅಂದರೆ ಗೂಳಿ ಕಾಳಗದವರ ವೇಷದ ಇಬ್ಬರು ಮತ್ತು ಅವರ ಜೊತೆ ಬರುತ್ತಿದ್ದ ಎಲ್ ಟೊರಿಟೊ. ಇವನು ಗೂಳಿಯ ವೇಷ ಹಾಕಿದ ಕುಳ್ಳಗಿನ ಕುಸ್ತಿಪಟು. ಬ್ಯಾಂಡಿನ ಕಡೆಯಿಂದ ಹಾರ್ನ್‌ಸ್ವಾಗಲ್, ಅವನೂ ಅಷ್ಟೇ ಎತ್ತರ. ಮೇ 4ರಂದು ಇವರಿಬ್ಬರ ನಡುವೆ ಪುಟ್ಟ ಏಣಿ, ಪುಟ್ಟ ಮೇಜು, ಪುಟ್ಟ ಕುರ್ಚಿಗಳ ಪಂದ್ಯ ಇಟ್ಟರು. ವೀಕ್ಷಕ ವಿವರಣೆಗೂ ಕುಳ್ಳಗಿನವರನ್ನೇ ಕೂರಿಸಿದರು. ತಮಾಷೆ ಮಾಡಿ ನಗಲಿ ಅಂತ ಬರೆದ ಪಂದ್ಯ ಅದು. ಇಬ್ಬರೂ ಪ್ರಾಣ ಒತ್ತೆಯಿಟ್ಟು ಆಡಿಬಿಟ್ಟರು, ಜನ ಎದ್ದು ಕೂಗಿದರು. ಬ್ಯಾಂಡಿನ ಇತಿಹಾಸದಲ್ಲಿ ನೋಡುವ ಹಾಗಿದ್ದ ಪಂದ್ಯ ಇದೊಂದೇ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಬ್ಯಾಂಡಿನ ಮೂವರು ಬರೀ ಪಕ್ಕವಾದ್ಯ. ಜೂನ್ 1ಕ್ಕೆ ಇನ್ನೊಂದು ಪಂದ್ಯ ಸೋತು ಹಾರ್ನ್‌ಸ್ವಾಗಲ್‌ನ ತಲೆ ಬೋಳಾಯಿತು. ಜೂನ್ 12ಕ್ಕೆ ಡ್ರೂ ಮತ್ತು ಜಿಂದರ್ ಇಬ್ಬರನ್ನೂ ಕೆಲಸದಿಂದ ತೆಗೆದರು. ಸ್ಲೇಟರ್ ಮತ್ತೆ ಒನ್ ಮ್ಯಾನ್ ಬ್ಯಾಂಡ್ ಆದ.

ಇಲ್ಲಿಯವರೆಗೆ ಇದು ಮಾಮೂಲಿ ಆಫೀಸ್ ಕಥೆ. ಮುಂದಿನದು ಪವಾಡ.

2016ರಲ್ಲಿ ಜಿಂದರ್ ವಾಪಸ್ ಬಂದ, ಮೈ ಹುರಿಗಟ್ಟಿಸಿಕೊಂಡು. ಬಂದವನಿಗೆ ಮತ್ತೆ ಅದೇ ಸೋಲುವ ಡ್ಯೂಟಿ. ಅಷ್ಟರಲ್ಲಿ ಯಾರೋ ಭೂಪಟ ನೋಡಿರಬೇಕು. ಭಾರತ ಅಂತೊಂದು ದೇಶವಿದೆ, ಅಲ್ಲಿ ಕೋಟಿಗಟ್ಟಲೆ ಜನ ನಮ್ಮ ಕುಸ್ತಿ ನೋಡುತ್ತಾರೆ ಅನ್ನುವುದು ಹೊಳೆಯಿತು. 2017ರ ಏಪ್ರಿಲ್ 18ರಂದು ಜಿಂದರ್ ದಿಢೀರನೆ ಒಂದು ಪಂದ್ಯ ಗೆದ್ದ. ಮೇ 21ರಂದು ಆಗಿನ ಚಾಂಪಿಯನ್ ರ‍್ಯಾಂಡಿ ಆರ್ಟನ್‌ನನ್ನು ಚಿತ್ ಮಾಡಿ ಡಬ್ಲ್ಯೂಡಬ್ಲ್ಯೂಇಯ 50ನೇ ಚಾಂಪಿಯನ್ ಆದ. ಬ್ರೂಕ್ಲಿನ್ ಬ್ರಾಲರ್‌ಗೆ ಕೈ ತಟ್ಟಿದ್ದ ಅದೇ ಜಿಂದರ್! ಕ್ಯಾಲ್ಗರಿಯ ಹುಡುಗನನ್ನು ಪ್ರತಿ ಸಲವೂ ಪಂಜಾಬಿನವನು ಅಂತ ಕೂಗಿ ಕರೆಯುತ್ತಿದ್ದರು. ಜುಲೈನಲ್ಲಿ 'ಪಂಜಾಬಿ ಜೈಲು' ಅನ್ನುವ ಪಂದ್ಯ. ಬಿದಿರಿನ ಪಂಜರದೊಳಗೆ ಇನ್ನೊಂದು ಬಿದಿರಿನ ಪಂಜರ. ಪಂಜಾಬಿನಲ್ಲಿ ಗೋಧಿ ಕಂಡಿದ್ದೇವೆ, ಸಾಸಿವೆ ಕಂಡಿದ್ದೇವೆ. ಬಿದಿರಿನ ಜೈಲು ಯಾವ ಜಿಲ್ಲೆಯಲ್ಲಿದೆಯೋ, ಅಲ್ಲಿನ ಗೃಹ ಇಲಾಖೆಯೇ ಹೇಳಬೇಕು.

ಡಿಸೆಂಬರ್ 9ಕ್ಕೆ ದೆಹಲಿಯಲ್ಲಿ ಪ್ರದರ್ಶನ ಗೊತ್ತಾಯಿತು. ಭಾರತಕ್ಕಾಗಿಯೇ ತಯಾರಾದ ಚಾಂಪಿಯನ್ ಬೆಲ್ಟ್ ಹೊತ್ತು ಭಾರತಕ್ಕೆ ಬರುತ್ತಾನೆ ಅಂದುಕೊಂಡಿರಾ? ನವೆಂಬರ್ 7ಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬೆಲ್ಟನ್ನು ಎಜೆ ಸ್ಟೈಲ್ಸ್‌ಗೆ ಕೊಡಿಸಿಬಿಟ್ಟರು. ಒಂದು ತಿಂಗಳು ತಡೆದಿದ್ದರೆ ಏನಾಗುತ್ತಿತ್ತೋ ದೇವರಿಗೇ ಗೊತ್ತು. ದೆಹಲಿಯಲ್ಲಿ ಜಿಂದರ್‌ನ ಎದುರಾಳಿ ಟ್ರಿಪಲ್ ಎಚ್. ಕಂಪನಿಯ ದೊಡ್ಡ ಅಧಿಕಾರಿ, ಯಜಮಾನರ ಅಳಿಯ. ಗೆದ್ದಿದ್ದು ಯಾರು ಅಂತ ಊಹಿಸಲು ಬಹುಮಾನವೇನೂ ಇಲ್ಲ. ಗೆದ್ದ ಅಳಿಯಂದಿರು ಆಮೇಲೆ ಭಾಂಗ್ರಾ ಕುಣಿದು ಭಾರತೀಯರ ಮನಸ್ಸನ್ನೂ ಗೆದ್ದರು.

ಡ್ರೂ ಹೊರಗೆ ಊರೂರು ಕುಸ್ತಿ ಆಡಿ, 2017ರಲ್ಲಿ ವಾಪಸ್ ಬಂದ. 2020ರ ಏಪ್ರಿಲ್ 5ಕ್ಕೆ ವಿಶ್ವ ಚಾಂಪಿಯನ್ ಆದ. ಸೋಲಿಸಿದ್ದು ಹಿಂದೆ ಎತ್ತಿ ಬಿಸಾಡಿದ್ದ ಅದೇ ಲೆಸ್ನರ್‌ನನ್ನು. ಯಜಮಾನರ ಭವಿಷ್ಯವಾಣಿ ಹತ್ತೂವರೆ ವರ್ಷ ತಡವಾಗಿ ನಿಜವಾಯಿತು. ನೋಡಲು ಮಾತ್ರ ಯಾರೂ ಇರಲಿಲ್ಲ. ಕೊರೊನಾ ಕಾಲ, ಒರ್ಲ್ಯಾಂಡೊದ ಖಾಲಿ ಹಾಲ್. ಚಪ್ಪಾಳೆಯನ್ನೂ ಗಾಳಿಯಲ್ಲೇ ಕಲ್ಪಿಸಿಕೊಳ್ಳಬೇಕಿತ್ತು. ಆ ವಿದ್ಯೆ ಅವನಿಗೆ ಹೊಸದೇನಲ್ಲ ಬಿಡಿ.

ಅವನು ಗೆದ್ದ ಹತ್ತೇ ದಿನಕ್ಕೆ, ಏಪ್ರಿಲ್ 15ರಂದು, ಕಂಪನಿ ಸ್ಲೇಟರ್‌ನನ್ನು ಮನೆಗೆ ಕಳಿಸಿತು. ಜುಲೈನಲ್ಲಿ ಒಂದು ದಿನದ ಮಟ್ಟಿಗೆ ಕರೆಸಿ ಡ್ರೂ ಕೈಯಲ್ಲೇ ಸೋಲಿಸಿತು. ಪಂದ್ಯ ಮುಗಿದ ಮೇಲೆ ಇಬ್ಬರೂ ತಬ್ಬಿಕೊಂಡರು. ಹೆಚ್ಚು ಹೊತ್ತೇನೂ ಕಾಯಬೇಕಾಗಲಿಲ್ಲ, ಪಂದ್ಯ ಕೆಲವೇ ಸೆಕೆಂಡುಗಳದ್ದು.

2024ರ ಏಪ್ರಿಲ್ 7ರಂದು ಡ್ರೂ ಮತ್ತೊಂದು ವಿಶ್ವ ಬೆಲ್ಟ್ ಗೆದ್ದ. ಈ ಸಲ ಕ್ರೀಡಾಂಗಣದ ತುಂಬಾ ಜನ. ಕೆಲವೇ ನಿಮಿಷದಲ್ಲಿ ಡೇಮಿಯನ್ ಪ್ರೀಸ್ಟ್ ಎಂಬಾತ ಬಂದು ಕಿತ್ತುಕೊಂಡು ಹೋದ, ಅದು ಬೇರೆ ಮಾತು. ಹನ್ನೆರಡು ದಿನ ಕಳೆದು, ಏಪ್ರಿಲ್ 19ಕ್ಕೆ, ಜಿಂದರ್‌ನ ಕೆಲಸವೂ ಹೋಯಿತು. ಜೊತೆಗಿದ್ದ ವೀರ್ ಮತ್ತು ಸಂಗಾ ಎಂಬ ಇಬ್ಬರು ಭಾರತೀಯರದ್ದೂ ಅದೇ ದಿನ ಹೋಯಿತು. ಭೂಪಟವನ್ನು ಮಡಚಿಟ್ಟರು ಅಂತ ಕಾಣುತ್ತದೆ.

ಇನ್ನೊಂದು ಏಪ್ರಿಲ್‌ನಲ್ಲಿ ಡ್ರೂ ಗೆದ್ದರೆ ಕಂಪನಿಗೆ ದೊಡ್ಡ ತೊಂದರೆಯಿದೆ. ಮನೆಗೆ ಕಳಿಸಲು ಬ್ಯಾಂಡಿನಲ್ಲಿ ಯಾರೂ ಉಳಿದಿಲ್ಲ. ಹಾರ್ನ್‌ಸ್ವಾಗಲ್‌ನನ್ನು 2016ರಲ್ಲೇ ಕಳಿಸಿ ಆಗಿದೆ.