ಸ್ಪಷ್ಟನೆ: ಮಕ್ಕಳು ಕಡಿಮೆ ಇದ್ದರೆ ಒಬ್ಬರೇ ಶಿಕ್ಷಕರೆಂಬ ಕಾನೂನಿಲ್ಲ
‘ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಒಬ್ಬರೇ ಶಿಕ್ಷಕರು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ’ ಎಂಬ ಸಂದೇಶ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಭಾಗದ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

2009ರ ಆ ಕಾಯ್ದೆಯ ಅನುಸೂಚಿಯ ಪ್ರಕಾರ, ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ಕನಿಷ್ಠ ಇಷ್ಟು ಮಕ್ಕಳಿರಲೇಬೇಕೆಂಬ ಷರತ್ತು ಅಲ್ಲಿಲ್ಲ. ಎಂಟು ಮಕ್ಕಳಿದ್ದರೂ ಇಬ್ಬರು. ಹುದ್ದೆ ಖಾಲಿ ಉಳಿಯುವುದು ಬೇರೆ ಮಾತು. ಅದು ಆಡಳಿತದ ಕೊರತೆ, ಕಾನೂನಿನ ಅಪ್ಪಣೆಯಲ್ಲ.

ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಜೊಯಿಡಾ, ಯಲ್ಲಾಪುರಗಳೂ ಇದರಲ್ಲೇ ಬರುತ್ತವೆ. ಇಲ್ಲಿ ಮನೆಗಳು ತೋಟ, ಕಾಡುಗಳ ನಡುವೆ ಚದುರಿವೆ. ಆಷಾಢದ ಮಳೆಗೆ ಹಳ್ಳ ತುಂಬಿದರೆ ಆರು ವರ್ಷದ ಮಗು ದೂರದ ಶಾಲೆಗೆ ಹೋಗುವುದಾದರೂ ಹೇಗೆ? ಶಾಲೆ ಚಿಕ್ಕದಾಗಿರುವುದು ಊರಿನ ಅಪರಾಧವಲ್ಲ.

ಹೆಂಚು ಸರಿಪಡಿಸಲು, ಅಂಗಳದ ಹುಲ್ಲು ಕೀಳಲು, ಬಿಸಿಯೂಟಕ್ಕೆ ತೆಂಗಿನಕಾಯಿ, ತರಕಾರಿ ಕೊಡಲು ಊರವರು ಕೈಜೋಡಿಸುತ್ತಾರೆ, ಅದು ದೊಡ್ಡದು. ಆದರೆ ಶಿಕ್ಷಕರನ್ನು ಕೇಳುವುದು ದಾನ ಬೇಡಿದಂತಲ್ಲ. ಸಂದೇಶ ನಂಬಿ ಮಕ್ಕಳ ವರ್ಗಾವಣೆ ಪತ್ರ ಪಡೆಯಲು ಹೊರಟ ಪಾಲಕರು ದಯವಿಟ್ಟು ತಡೆಯಿರಿ. ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಬರೆಸಿ, ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.