ಆ ಎರಡು ಸೆಕೆಂಡು

"ಎಲ್ಲರೂ ತಮ್ಮ ಕಷ್ಟ ನನ್ನ ಹತ್ರಾನೇ ಹೇಳ್ಕೊಳ್ತಾರೆ ಮೇಡಂ. ಕೇಳೋ ತಾಳ್ಮೆ ನನಗಿದೆ. ಆರು ವಾರದ ಆನ್‌ಲೈನ್ ಕೋರ್ಸ್ ಮಾಡಿ ಥೆರಪಿಸ್ಟ್ ಆಗಬಹುದಾ?"

ಇಂಥ ಮೆಸೇಜುಗಳು ಆಗಾಗ ಬರುತ್ತಿರುತ್ತವೆ. ಕೇಳುವವರ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಹೀಗೇ ಅಂದುಕೊಂಡು ಈ ಕೆಲಸಕ್ಕೆ ಬಂದವಳು. ಆದರೆ ಎಲ್ಲರಿಗೂ ಒಂದೇ ಮರುಪ್ರಶ್ನೆ ಹಾಕುತ್ತೇನೆ: ನೀವು ನಡೆಸಿದ ಸೆಷನ್ನನ್ನು ಕೂತು ಕೇಳಿ, ಎಲ್ಲಿ ತಪ್ಪಿದಿರಿ ಅಂತ ಹೇಳುವವರು ಆ ಕೋರ್ಸಿನಲ್ಲಿ ಯಾರಾದರೂ ಇದ್ದಾರಾ? ಬಹುಪಾಲು ಉತ್ತರವೇ ಬರುವುದಿಲ್ಲ.

ನನ್ನ ತರಬೇತಿಯ ಎರಡನೇ ವರ್ಷದ ಮಾತು ಹೇಳುತ್ತೇನೆ. ವಿವರ ಬದಲಿಸಿದ್ದೇನೆ, ಸಂಬಂಧಪಟ್ಟವರ ಒಪ್ಪಿಗೆಯೂ ಇದೆ. ತಂದೆ ತೀರಿಕೊಂಡು ಕೆಲವು ತಿಂಗಳಾಗಿದ್ದ ಒಬ್ಬರು ಮಾತಿನ ನಡುವೆ, "ಅಪ್ಪನ ಫೋನನ್ನ ದಿನಾ ರಾತ್ರಿ ಚಾರ್ಜಿಗೆ ಹಾಕ್ತೀನಿ" ಅಂದರು. ನಾನು ಆದಷ್ಟು ಮೆತ್ತಗಿನ ದನಿಯಲ್ಲಿ, "ದುಃಖದಲ್ಲಿ ಇದೆಲ್ಲ ಸಹಜ, ತುಂಬಾ ಜನರಿಗೆ ಹೀಗಾಗುತ್ತೆ" ಅಂದೆ. ಅವರು "ಹೌದಾ" ಅಂದು, ನಿದ್ದೆ ಬರುತ್ತಿಲ್ಲ ಅನ್ನುವ ಕಡೆಗೆ ಮಾತು ಹೊರಳಿಸಿದರು. ಸೆಷನ್ ಚೆನ್ನಾಗಿಯೇ ಆಯಿತು ಅನ್ನಿಸಿತ್ತು. ರೆಕಾರ್ಡಿಂಗ್ ಹಿಡಿದು ಸೂಪರ್‌ವೈಸರ್ (ನಮ್ಮ ಕೆಲಸ ನೋಡಿ ತಿದ್ದುವ ಹಿರಿಯ ಥೆರಪಿಸ್ಟ್) ಹತ್ತಿರ ಹೋದದ್ದೂ ಒಂದು ಶಹಬ್ಬಾಸ್ ಸಿಕ್ಕೀತು ಅಂತಲೇ.

ಅವರು ಸರಿಯಾಗಿ ಆ ಫೋನಿನ ಮಾತಿನ ಹತ್ತಿರವೇ ನಿಲ್ಲಿಸಿದರು. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಇನ್ನೊಮ್ಮೆ ಹಾಕಿದರು. ಮೂರನೇ ಸಲ ನನ್ನ ಕಿವಿಗೆ ಬಿತ್ತು: "ಹಾಕ್ತೀನಿ" ಅಂದಮೇಲೆ ಅವರು ಉಸಿರೆಳೆದುಕೊಂಡಿದ್ದಾರೆ, ಹೇಳುವುದು ಇನ್ನೂ ಇದೆ. ಅಷ್ಟರಲ್ಲಿ ನನ್ನ ದನಿ ನುಗ್ಗಿದೆ. ನಡುವೆ ಎರಡು ಸೆಕೆಂಡೂ ಇಲ್ಲ.

"ಆಗ ಸಮಾಧಾನ ಬೇಕಾಗಿದ್ದದ್ದು ಯಾರಿಗೆ?" ಅಂತ ಸೂಪರ್‌ವೈಸರ್ ಕೇಳಿದರು.

ನನಗೆ. ಆ ದಿನಗಳಲ್ಲಿ ನಮ್ಮಪ್ಪನಿಗೂ ಆರೋಗ್ಯ ಸರಿಯಿರಲಿಲ್ಲ, ಆ ಮಾತು ಮುಂದುವರಿಯುವುದು ನನಗೇ ಬೇಡವಾಗಿತ್ತು. ಥೆರಪಿಯಲ್ಲಿ ಮೌನಕ್ಕೆ ಎಷ್ಟು ಬೆಲೆ ಅಂತ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆ ಅಂಕ ತಗೊಂಡವಳು ಮಾರಾಯರೇ ನಾನು!

ಹೀಗೆ ತಮ್ಮ ಸೆಷನ್ ತಾವೇ ಕೇಳಿ ಕಲಿಯುವುದೇನೂ ಹೊಸ ಸಂಗತಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದ ಆರಂಭದಲ್ಲೇ ಸೆಷನ್‌ಗಳನ್ನು ಗ್ರಾಮಫೋನ್ ಡಿಸ್ಕಿನ ಮೇಲೆ ರೆಕಾರ್ಡ್ ಮಾಡಿಸಿದರು. 1942ರ ತಮ್ಮ ಪುಸ್ತಕದಲ್ಲಿ ಒಬ್ಬರೇ ಕ್ಲೈಂಟಿನ (ಅಂದರೆ ಥೆರಪಿಗೆ ಬಂದವರ) ಎಂಟು ಸೆಷನ್‌ಗಳನ್ನು ಆಡಿದ ಮಾತು ಆಡಿದಂತೆ ಅಚ್ಚು ಹಾಕಿಸಿದರು. ತರಗತಿಯ ಪಾಠ ಸಾಲದು, ವಿದ್ಯಾರ್ಥಿಗಳು ತಮ್ಮದೇ ಮಾತು ಕೇಳಿಸಿಕೊಂಡಾಗಲೇ ತಾವು ಎಷ್ಟು ಉಪದೇಶ ಮಾಡುತ್ತೇವೆ ಅನ್ನುವುದು ಅವರಿಗೆ ತಿಳಿಯುತ್ತದೆ ಅನ್ನುವುದು ರೋಜರ್ಸ್ ಕಂಡುಕೊಂಡದ್ದು. ಅದಕ್ಕೂ ಮೊದಲು, 1920ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಮನೋವಿಶ್ಲೇಷಣೆಯ (ಫ್ರಾಯ್ಡ್ ಹುಟ್ಟುಹಾಕಿದ ಪದ್ಧತಿಯ) ಚಿಕಿತ್ಸಾಲಯದ ಸುತ್ತ ಬೆಳೆದ ತರಬೇತಿಗೆ ಮೂರು ಕಾಲುಗಳಿದ್ದವು: ಓದು, ಹಿರಿಯರ ಕಣ್ಣಳತೆಯಲ್ಲಿ ಮಾಡುವ ಕೆಲಸ, ಮತ್ತು ಕಲಿಯುವವನೇ ಕ್ಲೈಂಟಾಗಿ ಕೂರುವುದು. ಇವತ್ತಿನ ದಿಢೀರ್ ಕೋರ್ಸುಗಳು ಮೊದಲನೇ ಕಾಲೊಂದನ್ನೇ ಇಟ್ಟುಕೊಂಡು ಉಳಿದೆರಡನ್ನೂ ಕಡಿದು ಹಾಕಿವೆ. ದುಡ್ಡೂ ಸಮಯವೂ ಹೆಚ್ಚು ಬೇಡುವ ಕಾಲುಗಳು ಅವೇ ತಾನೇ.

"ಕೆಲಸ ಮಾಡ್ತಾ ಮಾಡ್ತಾ ಕಲೀತಾರೆ ಬಿಡಿ" ಅನ್ನುವ ವಾದ ಇದೆಯಲ್ಲ, ಅದನ್ನು ನಾನೂ ನಂಬಿದ್ದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ 170 ಥೆರಪಿಸ್ಟ್‌ಗಳನ್ನು, ಅವರ ಬಳಿ ಬಂದ 6,500ಕ್ಕೂ ಹೆಚ್ಚು ಜನರನ್ನು ಹಲವು ವರ್ಷಗಳ ಅವಧಿಯಲ್ಲಿ ಗಮನಿಸಿತು. ಅನುಭವ ಹೆಚ್ಚಿದಂತೆ ಸರಾಸರಿ ಫಲಿತಾಂಶ ಸುಧಾರಿಸಲೇ ಇಲ್ಲ, ಕೂದಲೆಳೆಯಷ್ಟು ಇಳಿದಿತ್ತು. (ಅರ್ಧಕ್ಕೆ ಬಿಟ್ಟು ಹೋಗುವವರು ಕಡಿಮೆಯಾಗಿದ್ದರು, ಕೆಲವರು ಸುಧಾರಿಸಿಯೂ ಇದ್ದರು, ಅದನ್ನೂ ಹೇಳಬೇಕು.) ಓದಿದಾಗ ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ಯೋಚಿಸಿದರೆ ಆಶ್ಚರ್ಯವೇನಿದೆ? ಬಾಗಿಲು ಹಾಕಿಕೊಂಡು ಮಾಡುವ ಕೆಲಸ ನಮ್ಮದು. ಎದುರಿಗೆ ಕೂತವರು ನೋವಿನಲ್ಲಿರುತ್ತಾರೆ, ನಮ್ಮ ತಪ್ಪು ಎತ್ತಿ ಆಡುವುದಿಲ್ಲ, "ಹೌದಾ" ಅಂದು ಸುಮ್ಮನಾಗುತ್ತಾರೆ. ಅದೇ ತಪ್ಪನ್ನು ಇಪ್ಪತ್ತು ವರ್ಷ ಮಾಡುತ್ತಾ ಅದಕ್ಕೆ ಅನುಭವ ಅಂತ ಹೆಸರಿಟ್ಟುಕೊಳ್ಳಬಹುದು.

ಥೆರಪಿಗೆ ಹೋಗುವವರಿಗೂ ಒಂದು ಮಾತು. ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ, ಬೇಡ ಅನ್ನುವುದಿಲ್ಲ. ಜೊತೆಗೆ "ನೀವು ಸೂಪರ್‌ವಿಷನ್ ತಗೋತೀರಾ?" ಅಂತಲೂ ಕೇಳಿ. ಕೇಳಿದ್ದಕ್ಕೆ ಮುಖ ಕೆಂಪಾದರೆ ಅದೂ ಒಂದು ಉತ್ತರವೇ. ಸೆಷನ್ ರೆಕಾರ್ಡ್ ಮಾಡುವ ಮೊದಲು ನಿಮ್ಮ ಒಪ್ಪಿಗೆ ಕೇಳಲೇಬೇಕು. ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತಾರೆ ಅಂತ ಹೇಳಬೇಕು. ಬೇಡ ಅನ್ನುವ ಹಕ್ಕು ನಿಮ್ಮದು, ಅದರಿಂದ ನಿಮಗೆ ಸಿಗುವ ಆರೈಕೆ ಕಡಿಮೆಯಾಗಕೂಡದು.

ಫೋನಿನ ವಿಷಯಕ್ಕೆ ಬರುತ್ತೇನೆ. ಮುಂದಿನ ವಾರ ಅವರು ಬಂದು ಕೂತಾಗ, ಎದೆ ಹೊಡೆದುಕೊಳ್ಳುತ್ತಿದ್ದರೂ ಹೇಳಿದೆ: "ಹೋದ ಸಲ ನೀವು ಅಪ್ಪನ ಫೋನಿನ ಮಾತು ಎತ್ತಿದಾಗ ನಾನು ನಡುವೆ ಬಾಯಿ ಹಾಕಿಬಿಟ್ಟೆ. ಆಗ ಇನ್ನೇನೋ ಹೇಳೋದಿತ್ತಾ?"

ತುಂಬಾ ಹೊತ್ತು ಅವರು ಮಾತಾಡಲಿಲ್ಲ. ನಾನು ಅಂಗೈ ಒತ್ತಿಕೊಂಡು ಕೂತಿದ್ದೆ.

"ಅದರ ಲಾಕ್ ತೆಗೆಯೋಕೆ ನನಗೆ ಬರಲ್ಲ" ಅಂದರು ಕೊನೆಗೆ. "ಒಂದೊಂದು ದಿನ ನಾನೇ ಆ ನಂಬರಿಗೆ ಫೋನ್ ಮಾಡ್ತೀನಿ. ಪಕ್ಕದ ರೂಮಲ್ಲಿ ರಿಂಗ್ ಆಗುತ್ತೆ."