ಹೊಳೆ ಕೆಡುವುದು ಹೊಲದ ಗೇಟಿನಲ್ಲಿ

ಇಂಗ್ಲೆಂಡಿನ ನಾರ್ಫೋಕ್‌ಗೆ ಬಂದ ಹೊಸತರಲ್ಲಿ ನಾರ್ ನದಿಯನ್ನು ನೋಡಿ ನನಗೆ ನಗು ಬಂದಿತ್ತು. ಉದ್ದ ಸುಮಾರು 42 ಕಿಲೋಮೀಟರ್. ಅಗಲದಲ್ಲಿ ನಮ್ಮೂರ ಹಳ್ಳಕ್ಕೂ ಸಾಟಿಯಲ್ಲ. ಇದನ್ನು ಉಳಿಸಲು ಇಷ್ಟೊಂದು ಸಡಗರವೇ? ಸೌತ್ ಏಕರ್ ಎಂಬ ಹಳ್ಳಿಯ ಬಳಿ ರಸ್ತೆಯೇ ನೀರಿಗಿಳಿದು ಆಚೆ ದಡ ಹತ್ತುತ್ತದೆ. ಅಲ್ಲಿ ಮಗಳು ಕಾಲಿಟ್ಟವಳೇ ಕಿರುಚಿದಳು. ಜುಲೈ ಬಿಸಿಲಿನಲ್ಲೂ ನೀರು ಕೊರೆಯುತ್ತಿತ್ತು. ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಇದು ನೆಲದಡಿಯ ಸೀಮೆಸುಣ್ಣದ ಬಂಡೆಯ ಮಹಿಮೆ. ಚಳಿಗಾಲದ ಮಳೆ ಅದರೊಳಗೆ ಇಂಗಿ, ಸೋಸಿ, ಎಷ್ಟೋ ಕಾಲದ ಮೇಲೆ ಹತ್ತು ಡಿಗ್ರಿ ಆಸುಪಾಸಿನ ಒರತೆಯಾಗಿ ಮೇಲೆ ಬರುತ್ತದೆ. ಪಾವಗಡದ ಕಡೆಯವರಿಗೆ ಹೇಳುವುದಾದರೆ, ತಲಪರಿಗೆಯೇ (ನೆಲದಿಂದ ತಾನಾಗಿ ಉಕ್ಕುವ ಒರತೆ) ಹೊಳೆಯಾಗಿ ಹರಿದ ಹಾಗೆ. ಇಂತಹ ಹೊಳೆಗಳಲ್ಲಿ ಬಹುಪಾಲು ಇರುವುದು ಇಂಗ್ಲೆಂಡಿನಲ್ಲೇ.

ಹಿಂದಿನವರು ಗಿರಣಿಗೆಂದು, ದೋಣಿಗೆಂದು ನೆಟ್ಟಗೆ ಮಾಡಿದ್ದ ನದಿಪಾತ್ರಕ್ಕೆ ಈಗ ಮತ್ತೆ ಬಳುಕು ಕೊಡುತ್ತಿದ್ದಾರೆ. ಜಲ್ಲಿ ಸುರಿಯುತ್ತಾರೆ, ಮರದ ದಿಮ್ಮಿ ಅಡ್ಡ ಕೆಡವುತ್ತಾರೆ. ಫೋಟೋಗಳೂ ಚೆನ್ನಾಗಿ ಬರುತ್ತವೆ. ಆದರೆ ಮೇಲಿನ ಹೊಲದಿಂದ ಹೂಳು ಬರುತ್ತಲೇ ಇದ್ದರೆ ಆ ಜಲ್ಲಿ ಎಷ್ಟು ದಿನ ಬಾಳುತ್ತದೆ?

ಟ್ರೌಟ್ ಮೀನು ಮೊಟ್ಟೆಯಿಡುವುದು ಚಳಿಗಾಲದಲ್ಲಿ. ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಬಗೆದು ಗುಳಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಕಲ್ಲಿನ ಸಂದುಗಳಲ್ಲಿ ನೀರಾಡಿದರೆ ಮೊಟ್ಟೆಗಳಿಗೆ ಉಸಿರು. ಮೇಲಿನ ಹೊಲಗಳಲ್ಲಿ ಸಕ್ಕರೆ ಬೀಟ್ ಎಂಬ ಗೆಡ್ಡೆ ಕೀಳುವುದೂ ಅದೇ ತಿಂಗಳುಗಳಲ್ಲಿ. ಭಾರದ ಯಂತ್ರಗಳು ಓಡಾಡಿ ನೆಲ ಗಟ್ಟಿಯಾಗಿ, ಮಳೆ ಇಂಗದೆ, ಮಣ್ಣು ಕದಡಿದ ನೀರು ಇಳಿಜಾರಿನ ಕೆಳಗಿನ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಹೊಳೆಗೆ ಹರಿಯುತ್ತದೆ. ಜಲ್ಲಿಯ ಮೇಲೆ ಹೂಳಿನ ಕಂಬಳಿ ಹೊದಿಸಿದಂತೆ.

ಹಾಗೆಂದು ರೈತನನ್ನು ಖಳನಾಯಕ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನಗೆ ಪರಿಚಯವಿರುವ ರೈತರೊಬ್ಬರಿಗೆ ಗೇಟನ್ನು ದಿಬ್ಬದ ಮೇಲಕ್ಕೆ ಸರಿಸಿ ಎಂಬ ಸಲಹೆ ಬಂದಾಗ ಅವರು ಒಪ್ಪದೆ ತಲೆ ಆಡಿಸಿದ್ದರು. "ಇದು ನಮ್ಮ ತಾತನ ಕಾಲದ ಗೇಟು. ಟ್ರ್ಯಾಕ್ಟರ್ ತಿರುಗಿಸುವುದು ಇಲ್ಲೇ ಸುಲಭ. ಸುತ್ತು ಹಾಕುವ ಡೀಸೆಲ್ ಯಾರು ಕೊಡುತ್ತಾರೆ?" ನ್ಯಾಯವಾದ ಪ್ರಶ್ನೆ! ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ನೀರು, ಚರಂಡಿ ನೋಡಿಕೊಳ್ಳುವ ವೆಸೆಕ್ಸ್ ವಾಟರ್ ಕಂಪನಿ ಪೂಲ್ ಬಂದರಿಗೆ ಗೊಬ್ಬರದ ನೈಟ್ರೇಟ್ ಸೇರದಿರಲೆಂದು, ಚಳಿಗಾಲದಲ್ಲಿ ನೆಲ ಬರಿದು ಬಿಡದೆ ಹೊದಿಕೆ ಬೆಳೆ ಹಾಕುವ ರೈತರಿಗೆ ಹಣ ಕೊಟ್ಟಿದೆ. ದುಬಾರಿ ಶುದ್ಧೀಕರಣ ಘಟಕ ಕಟ್ಟುವುದಕ್ಕಿಂತ ಅದೇ ಅಗ್ಗ. ಉಪದೇಶದ ಬದಲು ಲೆಕ್ಕ ಮುಂದಿಟ್ಟರೆ ರೈತ ಖಂಡಿತ ಕೂತು ಮಾತಾಡುತ್ತಾನೆ. ನಮ್ಮ ಹಿರಿಯರು ಹುರುಳಿ ಎರಚುತ್ತಿದ್ದರಲ್ಲ, ಅವರಿಗೂ ಬರಿ ನೆಲ ಕಂಡರೆ ಸಂಕಟವೇ.

ಆದರೆ ಹೊಲ ಸರಿಯಾದರೆ ಸಾಲದು. ಅಂತರ್ಜಲ ಎತ್ತುವುದು ಊರು. ಚರಂಡಿಯ ನೀರು ಹೊಳೆಗೆ ಬಿಡುವುದೂ ಊರೇ. ನಲ್ಲಿ ತಿರುಗಿಸುವ ನನ್ನ ಪಾಲೂ ಅದರಲ್ಲಿದೆ. ರೈತ ಗೇಟು ಸರಿಸಿದ ಮೇಲೂ ನಾವು ಅವನತ್ತಲೇ ಬೆರಳು ತೋರಿಸುತ್ತಿದ್ದರೆ ಅದಕ್ಕೆ ಹೊಳೆ ಉಳಿಸುವ ಪಾಲುದಾರಿಕೆ ಎಂಬ ಹೆಸರು ಒಪ್ಪುವುದಿಲ್ಲ.

ಕೊನೆಗೂ ಆ ಪರಿಚಯದ ರೈತರ ಗೇಟು ದಿಬ್ಬಕ್ಕೆ ಹೋಯಿತು, ಖರ್ಚಿನ ಒಂದು ಪಾಲು ಬೇರೆ ಕಡೆಯಿಂದ ಬಂದ ಮೇಲೆ. ಹಳೆಯ ಜಾಗದಲ್ಲಿ ಬೇಲಿಯ ಸಸಿಗಳು, ಅದರ ಒಳಗೆ ಹೂಳು ನಿಲ್ಲುವ ಗುಂಡಿ. ಹೋದ ಬೇಸಿಗೆಯಲ್ಲಿ ಗುಂಡಿಯಲ್ಲಿ ನಿಂತ ಹೂಳು ತೆಗೆಸಿ ಆ ಮಣ್ಣನ್ನು ಹೊಲಕ್ಕೇ ವಾಪಸ್ ಹರಡಿದರಂತೆ. ಎಷ್ಟು ಬಂತು ಎಂದು ಕೇಳಿದೆ. "ಮೂರು ಟ್ರೈಲರ್" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ತಾತನ ಕಾಲದಿಂದ ಎಷ್ಟು ಹೋಗಿರಬಹುದು ನೋಡಿ" ಎಂದು ತಾವೇ ಲೆಕ್ಕ ಹಾಕತೊಡಗಿದರು.